ವಿಷಮಶೀತ ಜ್ವರವೆಂದು ಬರೆದ ಬೇನೆ

ಕಳೆದ ಬೇಸಿಗೆಯ ಒಂದು ಸಂಜೆ, ರಾಯಚೂರಿನ ಬಿಸಿಲು ಇಳಿಯುವುದನ್ನೇ ಕಾದಿದ್ದವನಂತೆ, ಸಂಬಂಧದಲ್ಲಿ ಅಣ್ಣನ ಮಗನಾಗಬೇಕಾದ ಯುವಕನೊಬ್ಬ ನಮ್ಮ ಮನೆಗೆ ಬಂದ. ದೇವದುರ್ಗದವನು, ಗ್ರಾಮ ಆಡಳಿತ ಅಧಿಕಾರಿ. ನೀರು ಕುಡಿದು, ಮನೆಯವರ ಕ್ಷೇಮ ವಿಚಾರಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದ. ಆಮೇಲೆ ತಲೆ ತಗ್ಗಿಸಿ ಕೇಳಿದ: ‘ಕಾಕಾ, ರಾಯಚೂರಾಗ ಸುಮ್ನ ಸರ್ಟಿಫಿಕೇಟ್ ಬರ್ದು ಕೊಡೋ ಡಾಕ್ಟ್ರು ಯಾರಿದ್ದಾರ್ರಿ?’

ಏನಾಗಿದೆ ಎಂದೆ. ಮೂರು ತಿಂಗಳಿಂದ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಫೋನು ಬಡಿದುಕೊಂಡರೆ ಎದೆಯೂ ಬಡಿದುಕೊಳ್ಳುತ್ತದೆ. ಬೆಳಿಗ್ಗೆ ಬೈಕಿನ ಮೇಲೆ ಕುಳಿತು ಕೀಲಿ ತಿರುಗಿಸಲಾಗದೆ ಹಾಗೆಯೇ ಕುಳಿತಿರುತ್ತಾನೆ. ಇಪ್ಪತ್ತು ದಿನ ರಜೆ ಬೇಕು. ಅವನಿಗಿರುವ ಬೇನೆ ನಿಜ. ಆದರೂ ಅವನು ಹುಡುಕುತ್ತಿದ್ದುದು ಸುಳ್ಳು ಕಾಗದವನ್ನು. ಇದು ಏಕೆ ಹೀಗೆ ಎಂಬುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ವಿರಳ. ಏಕೆಂದರೆ ಮೂರು ದಶಕಗಳ ಸೇವೆಯಲ್ಲಿ ಇಂತಹ ಕಾಗದಗಳಿಗೆ ಮಂಜೂರಾತಿಯ ಸಹಿ ಹಾಕಿದವರ ಪೈಕಿ ನಾನೂ ಒಬ್ಬ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಳೆ ಉತ್ತರ ಕರ್ನಾಟಕವನ್ನು ಮುಳುಗಿಸಿದ್ದು ಓದುಗರಿಗೆ ನೆನಪಿರಬಹುದು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಮ್ಮ ಜಿಲ್ಲೆ ಎರಡೂ ಕಡೆಯಿಂದ ಪೆಟ್ಟು ತಿಂದಿತು. ನೀರು ಇಳಿದ ಮೇಲೆ ಬಿದ್ದ ಮನೆಗಳ ಪಟ್ಟಿ, ಹಾಳಾದ ಬೆಳೆಯ ಪಟ್ಟಿ, ಪರಿಹಾರದ ಪಟ್ಟಿ ಎಂದು ಮೂರು ಪಟ್ಟಿಗಳ ಭಾರವೂ ಬಂದು ಕೂತದ್ದು ಗ್ರಾಮ ಲೆಕ್ಕಿಗನ ಹೆಗಲ ಮೇಲೆ. ಆಗ ನನ್ನ ಕೈಕೆಳಗಿದ್ದ ಒಬ್ಬ ಲೆಕ್ಕಿಗ, ಪ್ರಾಮಾಣಿಕ, ಮಿತಭಾಷಿ, ಡಿಸೆಂಬರಿನ ಹೊತ್ತಿಗೆ ಕುಸಿದುಹೋದ. ಪಟ್ಟಿಯಲ್ಲಿ ಹೆಸರಿಲ್ಲದವರು ಮನೆಯ ಮುಂದೆ ಕೂಗಾಡುತ್ತಿದ್ದರು. ಹೆಸರಿದ್ದವರು ಹಣ ಬರಲಿಲ್ಲವೆಂದು ಕೂಗಾಡುತ್ತಿದ್ದರು. ಆತ ಜಿಲ್ಲಾ ಕೇಂದ್ರಕ್ಕೆ ಹೋಗಿ ಮನೋವೈದ್ಯರಿಗೆ ತೋರಿಸಿಕೊಂಡು, ಇದ್ದುದನ್ನು ಇದ್ದಂತೆ ಬರೆಸಿಕೊಂಡು ಬಂದ. ತೀವ್ರ ಒತ್ತಡದಿಂದ ಉಂಟಾದ ಹೊಂದಾಣಿಕೆಯ ಅಸ್ವಸ್ಥತೆ, 21 ದಿನಗಳ ವಿಶ್ರಾಂತಿ ಅಗತ್ಯ ಎಂದಿತ್ತು.

ಕಡತ ನನ್ನ ಮೇಜಿಗೆ ಬರುವಷ್ಟರಲ್ಲಿ ಕಚೇರಿಯಲ್ಲಿ ಎಲ್ಲರೂ ಅದನ್ನು ಓದಿಯಾಗಿತ್ತು. ‘ಮೆಂಟಲ್ ಸರ್ಟಿಫಿಕೇಟ್’ ಎಂಬ ಹೆಸರೂ ಬಿದ್ದಿತ್ತು. ಇಂಥವನ ವಶದಲ್ಲಿ ದಾಖಲೆಗಳನ್ನು ಇಡುವುದು ಉಚಿತವೇ ಎಂದು ಕೆಳಗಿನವರು ಟಿಪ್ಪಣಿ ಬರೆದಿದ್ದರು. ವೈದ್ಯರ ಪ್ರಮಾಣಪತ್ರದ ಮೇಲೆ ಎರಡನೆಯ ಅಭಿಪ್ರಾಯ ಕೇಳುವ ಅಧಿಕಾರ ಮಂಜೂರಾತಿ ಅಧಿಕಾರಿಗೆ ಉಂಟು. ನಾನು ಅದನ್ನು ಚಲಾಯಿಸಿದೆ. ಅದೇ ವಾರ ಇನ್ನೊಬ್ಬ ನೌಕರ ಕಾಮಾಲೆಯೆಂದು ಪ್ರಮಾಣಪತ್ರ ಲಗತ್ತಿಸಿದ್ದ. ಆತ ನಾದಿನಿಯ ಮದುವೆಯ ಓಡಾಟದಲ್ಲಿದ್ದಾನೆಂದು ನನಗೂ ಗೊತ್ತಿತ್ತು. ಅದನ್ನು ಒಂದು ಪ್ರಶ್ನೆಯೂ ಇಲ್ಲದೆ ಮಂಜೂರು ಮಾಡಿದೆ.

ನಾಲ್ಕನೆಯ ದಿನ ಲೆಕ್ಕಿಗ ಮೊದಲಿನ ಅರ್ಜಿ ಹಿಂಪಡೆದು ಹೊಸದನ್ನು ಕೊಟ್ಟ. ಈ ಸಲ ಬೇರೆ ವೈದ್ಯರು, ವಿಷಮಶೀತ ಜ್ವರ, ದಿನಗಳು ಮಾತ್ರ ಅವೇ 21. ಆ ಕ್ಷಣವೇ ಸಹಿ ಮಾಡಿದೆ. ಆತ ಬಾಗಿಲವರೆಗೆ ಹೋದವನು ತಿರುಗಿ ನಿಂತು ಹೇಳಿದ: ‘ಸಾಹೇಬ್ರ, ಖರೇದ್ದು ತಂದ್ರ ನಡೀಲಿಲ್ರಿ, ಸುಳ್ಳಿಂದು ತಂದ್ರ ನಡೀತು.’ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮಾನ್ವಿಯ ಜಗನ್ನಾಥದಾಸರ ಬಗ್ಗೆ ನಮ್ಮ ಸೀಮೆಯಲ್ಲಿ ಒಂದು ಪ್ರತೀತಿಯಿದೆ. ದಾಸರಾಗುವ ಮೊದಲು ಶ್ರೀನಿವಾಸಾಚಾರ್ಯರೆಂಬ ಪಂಡಿತರಾಗಿದ್ದ ಅವರು, ವಿಜಯದಾಸರ ಮನೆಯ ಊಟದ ಆಹ್ವಾನವನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ಆ ನೆಪವೇ ಮುಂದೆ ನಿಜವಾದ ಉದರಶೂಲೆಯಾಗಿ ಕಾಡಿತಂತೆ. ನಮ್ಮ ಕಚೇರಿಗಳಲ್ಲಿ ನಡೆಯುವುದು ಇದರ ತಿರುವುಮುರುವು. ಬೇನೆ ನಿಜ, ಹೊಟ್ಟೆನೋವು ನೆಪ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಅಪರಿಚಿತ ಸಂಗತಿಯಲ್ಲ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಹೊರದೂಡುತ್ತದೆ ಎಂಬುದು ಗ್ರೇಶಮ್ಮನ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ. ಕೊಳ್ಳುವವನಿಗೆ ಸರಕಿನ ಗುಣ ತಿಳಿಯದಿದ್ದಾಗ ಒಳ್ಳೆಯ ಸರಕು ಮಾರುಕಟ್ಟೆಯಿಂದಲೇ ಹೇಗೆ ಮಾಯವಾಗುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದರು. ಪ್ರಮಾಣಪತ್ರದ ಮಾರುಕಟ್ಟೆಯ ವಿಚಿತ್ರವೆಂದರೆ, ಇಲ್ಲಿ ಕೊಳ್ಳುವವನಾದ ಅಧಿಕಾರಿಗೆ ಗುಣ ತಿಳಿದೇ ಇರುತ್ತದೆ. ತಿಳಿದೂ ಆತ ಖೋಟಾ ನಾಣ್ಯವನ್ನು ಸ್ವೀಕರಿಸುತ್ತಾನೆ. ಏಕೆಂದರೆ ಅದರ ಮೇಲಿನ ಮುದ್ರೆ ಪರಿಚಿತವಾದುದು. ಕಾಮಾಲೆ ಯಾರನ್ನೂ ದೂರುವುದಿಲ್ಲ. ಒತ್ತಡವೆಂದು ಬರೆದರೆ, ಒತ್ತಡ ಹಾಕಿದವರು ಯಾರು ಎಂಬ ಪ್ರಶ್ನೆ ಆ ಕಾಗದದೊಳಗೇ ಇರುತ್ತದೆ. ಅಂದು ನಾನು ಎರಡನೆಯ ಅಭಿಪ್ರಾಯ ಕೇಳಿದ್ದು ಲೆಕ್ಕಿಗನ ಕಾಯಿಲೆಯ ಬಗ್ಗೆ ಅನುಮಾನವಿದ್ದುದರಿಂದಲ್ಲ ಎಂದು ಈಗ ಒಪ್ಪಿಕೊಳ್ಳಬಲ್ಲೆ. ಆ ಮೂರು ಪಟ್ಟಿಗಳನ್ನು ಒಂದೇ ವಾರದಲ್ಲಿ ಮುಗಿಸಬೇಕೆಂದು ತಾಕೀತು ಮಾಡಿದವನು ನಾನೇ.

ನಿಯಮಗಳು ಅಷ್ಟೇನೂ ನಿರ್ದಯವಾಗಿಲ್ಲ. ಸರ್ಕಾರಿ ನೌಕರನಿಗೆ ವರ್ಷಕ್ಕೆ 20 ದಿನಗಳ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಅದನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಆಗ ಲೆಕ್ಕದಿಂದ ಎರಡರಷ್ಟು ದಿನ ಕಳೆಯುತ್ತದೆ. ದೇಹದ ಕಾಯಿಲೆಗೆ ಮಾತ್ರ ಎಂದು ಎಲ್ಲಿಯೂ ಹೇಳಿಲ್ಲ. 2018ರ ಮೇ 29ರಿಂದ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ಆರೋಗ್ಯ ಸೇವೆಗಳಲ್ಲಿ ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಗೆ ಸಮನಾಗಿ ಕಾಣಬೇಕೆನ್ನುತ್ತದೆ. ಕಾಯಿಲೆಯ ವಿವರಗಳ ಗೋಪ್ಯತೆಯನ್ನು ಹಕ್ಕೆಂದು ಮಾನ್ಯ ಮಾಡುತ್ತದೆ. ಅದೇ ಕಾಯ್ದೆಯ 115ನೆಯ ಕಲಂ ಮನಕಲಕುವಂತಿದೆ. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು ಎನ್ನುತ್ತದೆ ಅದು. ಅಂದರೆ, ಸಾವಿನ ಅಂಚಿಗೆ ಹೋಗಿ ಬಂದವನ ಒತ್ತಡವನ್ನು ಕಾನೂನು ಯಾವ ಪ್ರಮಾಣಪತ್ರವೂ ಇಲ್ಲದೆ ನಂಬುತ್ತದೆ. ಅದಕ್ಕೂ ಒಂದು ತಿಂಗಳ ಮೊದಲು ಪ್ರಮಾಣಪತ್ರ ಹಿಡಿದು ನಿಂತವನನ್ನು ನಾವು ನಂಬುವುದಿಲ್ಲ.

ವೈದ್ಯರನ್ನಷ್ಟೇ ದೂರುವುದು ಸುಲಭ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ಸಂಹಿತೆಯಲ್ಲಿ ರಜೆಯ ಪ್ರಮಾಣಪತ್ರದ ನಮೂನೆಯೇ ಇದೆ. ಕೊಟ್ಟ ಪ್ರತಿಯೊಂದು ಪ್ರಮಾಣಪತ್ರವನ್ನೂ ವಹಿಯಲ್ಲಿ ದಾಖಲಿಸಿ ಪ್ರತಿ ಇಟ್ಟುಕೊಳ್ಳಬೇಕು. ಸುಳ್ಳು ಪ್ರಮಾಣಪತ್ರ ದುರ್ನಡತೆಯಾಗುತ್ತದೆ. ಹೀಗಿದ್ದೂ, ಎದುರಿಗೆ ಕುಳಿತವನು ‘ಒತ್ತಡ ಅಂತ ಬರೀಬ್ಯಾಡ್ರಿ ಸರ್, ನೌಕರಿಗೆ ತೊಂದ್ರಿ ಆಗ್ತದ’ ಎಂದು ಕೈಮುಗಿದರೆ, ಸಹೃದಯ ವೈದ್ಯರೂ ಜ್ವರವೆಂದೇ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಗಳ ವರ್ಗೀಕರಣ ಕೂಡ, ಕೆಲಸದಿಂದ ಬಸವಳಿದು ಬರಿದಾಗುವುದನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿತೇ ಹೊರತು ರೋಗವೆಂದಲ್ಲ. ಖಿನ್ನತೆ, ಆತಂಕ, ಹೊಂದಾಣಿಕೆಯ ಅಸ್ವಸ್ಥತೆ ಆ ಪಟ್ಟಿಯಲ್ಲಿವೆ. ಅವನ್ನು ಗುರುತಿಸಲು ದೊಡ್ಡ ನಗರಕ್ಕೇ ಹೋಗಬೇಕೆಂದಿಲ್ಲ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಈ ಕೆಲಸ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸಲಹೆಯೂ ದೊರೆಯುತ್ತದೆ. ಚಿಕಿತ್ಸೆಯ ದಾರಿ ಇಷ್ಟು ಹತ್ತಿರ ಬಂದಿದೆ. ರಜೆಯ ಅರ್ಜಿಯ ದಾರಿ ಮಾತ್ರ ನಾನು ಸೇವೆಗೆ ಸೇರಿದಾಗ ಎಲ್ಲಿತ್ತೋ ಅಲ್ಲಿಯೇ ಇದೆ.

ಬ್ರಿಟನ್ನಿನಲ್ಲಿ ಮೊದಲ ಏಳು ದಿನಗಳ ಅನಾರೋಗ್ಯಕ್ಕೆ ನೌಕರನ ಸ್ವಂತ ಘೋಷಣೆಯೇ ಸಾಕು. ಆ ಮೇಲಿನದಕ್ಕೆ ವೈದ್ಯರು ಕೊಡುವ ಚೀಟಿಯ ಸ್ವರೂಪವನ್ನು ಅವರು 2010ರಲ್ಲಿ ಬದಲಿಸಿದರು. ಕೆಲಸಕ್ಕೆ ಅನರ್ಹ ಎಂಬುದರ ಜೊತೆಗೆ, ಸಮಯ ಕಡಿಮೆ ಮಾಡಿದರೆ ಅಥವಾ ಕೆಲಸದ ಸ್ವರೂಪ ಬದಲಿಸಿದರೆ ಬರಬಲ್ಲ ಎಂದೂ ಅದರಲ್ಲಿ ಬರೆಯಲು ಅವಕಾಶವಿದೆ. ನಮ್ಮಲ್ಲಿ ಇಂತಹ ಒಂದು ಸಾಲಿಗೆ ಜಾಗವಿದ್ದಿದ್ದರೆ ಆ ಲೆಕ್ಕಿಗನಿಗೆ 21 ದಿನಗಳ ರಜೆಯೇ ಬೇಕಾಗುತ್ತಿರಲಿಲ್ಲವೇನೋ. ಎರಡು ಪಟ್ಟಿಗಳನ್ನು ಬೇರೆಯವರಿಗೆ ವಹಿಸಿದ್ದರೆ ಸಾಕಾಗುತ್ತಿತ್ತು. ಮಂಜೂರಾತಿ ಅಧಿಕಾರಿಗೆ ತಿಳಿಯಬೇಕಾದದ್ದು ಎಷ್ಟು ದಿನ ಮತ್ತು ಎಂತಹ ಕೆಲಸಕ್ಕೆ ಎಂಬ ಎರಡೇ ಸಂಗತಿ. ರೋಗದ ಹೆಸರು ಮುಚ್ಚಿದ ಲಕೋಟೆಯಲ್ಲಿ ವೈದ್ಯಾಧಿಕಾರಿಗೆ ಹೋಗಲಿ. ಗುಮಾಸ್ತರ ಮೇಜುಗಳ ಮೇಲೆ ಅದು ಹಾದುಬರಬೇಕಾದ ಅಗತ್ಯವೇನು? ಇನ್ನು ನಮ್ಮ ಜಿನ್ನಿಂಗ್ ಮಿಲ್ಲುಗಳಲ್ಲಿ ದಿನಗೂಲಿಗೆ ದುಡಿಯುವವರ ಮಾತು ಬೇರೆಯೇ. ಅವರಿಗೆ ಸುಳ್ಳು ಹೇಳಿ ಪಡೆಯಲೂ ರಜೆಯಿಲ್ಲ.

ಇದು ಒಬ್ಬಿಬ್ಬರ ದೌರ್ಬಲ್ಯದ ಕಥೆಯಲ್ಲ. 2024ರ ಸೆಪ್ಟೆಂಬರಿನಲ್ಲಿಯೂ 2025ರ ಫೆಬ್ರವರಿಯಲ್ಲಿಯೂ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದಾಗ, ಬಗೆಬಗೆಯ ಮೊಬೈಲ್ ತಂತ್ರಾಂಶಗಳ ಹೊರೆ ಮತ್ತು ಅದರ ಒತ್ತಡವೇ ಅವರ ಮುಖ್ಯ ದೂರಾಗಿತ್ತು. ಸಾವಿರಾರು ಜನ ಒಟ್ಟಾಗಿ ಬೀದಿಯಲ್ಲಿ ನಿಂತು ಹೇಳಬಹುದಾದ ಮಾತನ್ನು ಅವರಲ್ಲೊಬ್ಬ ಒಂಟಿಯಾಗಿ ರಜೆಯ ಅರ್ಜಿಯಲ್ಲಿ ಬರೆಯಲಾರ.

ಲೆಕ್ಕಿಗ 21 ದಿನಗಳ ಬಳಿಕ ಜ್ವರ ವಾಸಿಯಾಗಿದೆ ಎಂಬ ದೃಢೀಕರಣದೊಂದಿಗೆ ಅದೇ ಕುರ್ಚಿಗೆ, ಅವೇ ಪಟ್ಟಿಗಳಿಗೆ ಮರಳಿದ. ಕೆಲವು ವರ್ಷಗಳ ನಂತರ ಬೇರೊಂದು ಸಂದರ್ಭದಲ್ಲಿ ಆತನ ಸೇವಾ ಪುಸ್ತಕ ನನ್ನ ಕೈಗೆ ಬಂತು. ವಿಷಮಶೀತ ಜ್ವರ, ಕಾಮಾಲೆ, ಬೆನ್ನುನೋವು, ಮತ್ತೆ ವಿಷಮಶೀತ ಜ್ವರ. ಮೊದಲನೆಯದರ ಕೆಳಗೆ ನನ್ನ ಸಹಿ. ಉಳಿದವು ನನ್ನ ನಂತರ ಬಂದವರವು.

ಅಣ್ಣನ ಮಗನಿಗೆ ನಾನು ಸುಮ್ಮನೆ ಬರೆದುಕೊಡುವ ವೈದ್ಯರ ಹೆಸರು ಹೇಳಲಿಲ್ಲ. ಮರುದಿನ ನಾನೇ ಜೊತೆಗೆ ಹೋಗಿ ಮನೋವೈದ್ಯರಿಗೆ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಔಷಧಿ ಕೊಟ್ಟು, ಪ್ರಮಾಣಪತ್ರವನ್ನೂ ಬರೆದರು. ಹುಡುಗ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ವಾರದ ಮೇಲೆ ಫೋನು ಮಾಡಿ ವಿಚಾರಿಸಿದೆ. ಇಪ್ಪತ್ತು ದಿನ ಸಿಕ್ಕಿದೆ ಎಂದ. ಆ ಪ್ರಮಾಣಪತ್ರವನ್ನು ಮಾತ್ರ ಕೊಟ್ಟಿರಲಿಲ್ಲ. ನಿವೃತ್ತಿಯಾದಾಗ ನಗದಾಗಬೇಕಿದ್ದ ಗಳಿಕೆ ರಜೆಯಿಂದ ಇಪ್ಪತ್ತು ದಿನ ಮುರಿಸಿಕೊಂಡಿದ್ದ. ಅರ್ಜಿಯಲ್ಲಿ ಕಾರಣದ ಮುಂದೆ ಏನು ಬರೆದೆ ಎಂದು ಕೇಳಿದೆ.

‘ಖಾಸಗಿ ಕೆಲಸ ಅಂತ ಬರದೀನಿ ಕಾಕಾ’ ಎಂದ.