ಉಕ್ಕಿಗೂ ಸವಕಳಿ
ಅಕೌಂಟೆನ್ಸಿಯಲ್ಲಿ ಯಂತ್ರಕ್ಕೆ ವರ್ಷಕ್ಕೆ ಇಂತಿಷ್ಟು ಎಂದು ಸವಕಳಿ ಬರೆಯುತ್ತೇವೆ. ಕೂಡಂಕುಳಂನಂಥ ಅಣುಸ್ಥಾವರದಲ್ಲಿ ಇಂಧನವಿರುವ ಉಕ್ಕಿನ ಪಾತ್ರೆಗೆ ಈ ಲೆಕ್ಕ ಸಾಲದು. ನಮ್ಮ ಮನೆಯ ಉರ್ದುವಿನಲ್ಲಿ ಉಕ್ಕೆಂದರೆ ಫೌಲಾದ್. ಗಟ್ಟಿತನಕ್ಕೇ ಅದು ಹೋಲಿಕೆ. ಆದರೂ ವರ್ಷಗಟ್ಟಲೆ ನ್ಯೂಟ್ರಾನ್‌ಗಳ ಹೊಡೆತ ತಿಂದು ಅದರ ಪರಮಾಣುಗಳು ಸ್ಥಾನ ಬಿಡುತ್ತವೆ, ಉಕ್ಕು ಪೆಡಸಾಗುತ್ತದೆ. ತುರ್ತಿನಲ್ಲಿ ಬಿಸಿ ಪಾತ್ರೆಗೆ ತಣ್ಣೀರು ಹಾಯಿಸಿದರೆ ಸಣ್ಣ ಬಿರುಕೂ ಹಬ್ಬಬಹುದು.

ಪಾತ್ರೆಯನ್ನೇ ಕತ್ತರಿಸಿ ನೋಡುವಂತಿಲ್ಲ. ಹಾಗಾಗಿ ಅದೇ ಉಕ್ಕಿನ ತುಂಡುಗಳನ್ನು ಮೊದಲೇ ಒಳಗಿಟ್ಟು, ಕೆಲವು ವರ್ಷಗಳಿಗೊಮ್ಮೆ ಹೊರತೆಗೆದು, ತೂಗುವ ಸುತ್ತಿಗೆಯಿಂದ ಮುರಿಯುತ್ತಾರೆ. ಇದೇ ಚಾರ್ಪಿ ಪರೀಕ್ಷೆ. ತುಂಡಿನ ಉದ್ದ 55 ಮಿಲಿಮೀಟರ್. ಮುರಿಯಲು ತಗಲಿದ ಶಕ್ತಿ ಕಡಿಮೆಯಾದಷ್ಟೂ ಉಕ್ಕು ಪೆಡಸು. ತುಂಡುಗಳು ಕೆಲವೇ ಇರುವುದರಿಂದ, ಮುರಿದ ಅರ್ಧದಿಂದಲೇ ಪುಟ್ಟ ಮಾದರಿ ಮಾಡಿ ಪರೀಕ್ಷಿಸುವುದು ಪಿಎಚ್.ಡಿ. ಸಂಶೋಧನೆಗಳ ವಿಷಯವಾಗಿದೆ. ಸ್ಥಾವರ ಇನ್ನೆಷ್ಟು ವರ್ಷ ನಡೆಯಬಹುದೆಂದು ನಿರ್ಧರಿಸುವಾಗ ಈ ತುಂಡುಗಳನ್ನು ಕೇಳಲೇಬೇಕು.