ಹಳೆಯ ಸಣ್ಣ ಕೇಸು, ಹೊಸ ದೇಶದ ಅರ್ಜಿ

ಕೆನಡಾಕ್ಕೆ ಪಿಆರ್ ಅರ್ಜಿ ಹಾಕುವವರು ಓದು, ಕೆಲಸ, ಐಇಎಲ್‌ಟಿಎಸ್ ಅಂಕ ಎಲ್ಲವನ್ನೂ ಸಲೀಸಾಗಿ ತುಂಬುತ್ತಾರೆ. ಆಮೇಲೆ ಒಂದು ಪ್ರಶ್ನೆ ಎದುರಾಗುತ್ತದೆ: ಯಾವುದಾದರೂ ದೇಶದಲ್ಲಿ ನಿಮಗೆ ಅಪರಾಧಕ್ಕೆ ಶಿಕ್ಷೆಯಾಗಿದೆಯೇ, ನಿಮ್ಮ ಮೇಲೆ ಕ್ರಿಮಿನಲ್ ಕೇಸು ನಡೆಯುತ್ತಿದೆಯೇ? ಕೊಲೆ, ದರೋಡೆ ಮಾಡಿದವರು ಈ ಅರ್ಜಿ ತುಂಬುವುದು ಅಪರೂಪ. ತಡವರಿಸುವವರು ಬೇರೆ ಜನ. ಎಂಟು ವರ್ಷದ ಹಿಂದೆ ಶನಿವಾರ ರಾತ್ರಿ ಪೊಲೀಸರು ಬೈಕು ನಿಲ್ಲಿಸಿ ಊದಿಸಿದ್ದು, ಕೋರ್ಟಿಗೆ ಹೋಗಿ ದಂಡ ಕಟ್ಟಿ ಬಂದಿದ್ದು ಒಬ್ಬರಿಗೆ ನೆನಪಾಗುತ್ತದೆ. ದೀಪಾವಳಿಗೆ ಊರಿಗೆ ಹೋದಾಗ ಅಂದರ್ ಬಾಹರ್ ಆಡುತ್ತ ಸಿಕ್ಕಿಬಿದ್ದಿದ್ದು ಇನ್ನೊಬ್ಬರಿಗೆ. ಕಾಲೇಜಿನ ದಿನಗಳ ಹೊಡೆದಾಟ ಮತ್ತೊಬ್ಬರಿಗೆ. ಗೊತ್ತಿದ್ದವರನ್ನು ಕೇಳಿದರೆ ತಲೆಗೊಂದು ಮಾತು ಬರುತ್ತದೆ, ಹೆಚ್ಚಿನವು ತಪ್ಪು. ಆ ತಪ್ಪು ಮಾತನ್ನು ನಂಬಿದ ಒಳ್ಳೆಯ ಸಂಸಾರಗಳು ವರ್ಷಗಟ್ಟಲೆ ಕಷ್ಟಪಡುತ್ತವೆ ಎಂಬ ಕಳವಳದಿಂದಲೇ ಇದನ್ನು ಬರೆಯುತ್ತಿದ್ದೇನೆ.

“ಅದು ಬರೀ ಫೈನು, ಶಿಕ್ಷೆ ಅಲ್ಲ”

ಎಲ್ಲ ದಂಡವೂ ಒಂದೇ ಅಲ್ಲ. ಹೆಲ್ಮೆಟ್ ಇಲ್ಲದೆ ಹೋದಾಗ, ಸಿಗ್ನಲ್ ಹಾರಿಸಿದಾಗ ಪೊಲೀಸರಿಗೆ ಕಟ್ಟುವ ದಂಡಕ್ಕೆ ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಆಧಾರ. ಹಣ ಕಟ್ಟಿದರೆ ಮುಂದೆ ಕೇಸೇ ಇಲ್ಲ, ಅಪರಾಧಿ ಎಂಬ ತೀರ್ಮಾನವೂ ಇಲ್ಲ. ಕುಡಿದು ಗಾಡಿ ಓಡಿಸುವುದು ಆ ಪಟ್ಟಿಯಲ್ಲಿಲ್ಲ. ಅದು 185ನೇ ಸೆಕ್ಷನ್, ಕೋರ್ಟಿಗೇ ಹೋಗಬೇಕು.

ಟ್ರಾಫಿಕ್ ಕೋರ್ಟಿಗೆ ಹೋಗಿ ಬಂದವರಿಗೆ ಅಲ್ಲಿ ನಡೆದಿದ್ದು ಏನೆಂದು ಎಷ್ಟೋ ಸಲ ಗೊತ್ತೇ ಆಗಿರುವುದಿಲ್ಲ. ಹೆಸರು ಕೂಗುತ್ತಾರೆ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ, ಹೌದು ಅಂದರೆ ದಂಡ ಬರೆಯುತ್ತಾರೆ. ಕೌಂಟರಿನಲ್ಲಿ ಕಟ್ಟಿ, ರಸೀದಿ ತೋರಿಸಿ, ಗಾಡಿ ಬಿಡಿಸಿಕೊಂಡು ಮನೆಗೆ ಬರುತ್ತಾರೆ. ಜೈಲಿಲ್ಲ, ವಕೀಲರಿಲ್ಲ, ಕೆಲವೇ ನಿಮಿಷದ ಕೆಲಸ. ಆದರೆ ಆ ಕೆಲವು ನಿಮಿಷಗಳಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ನಿಮ್ಮನ್ನು ಅಪರಾಧಿ ಎಂದು ತೀರ್ಮಾನಿಸಿ ಶಿಕ್ಷೆ ಕೊಟ್ಟಿದ್ದಾರೆ. ಮೊದಲ ಸಲದ ತಪ್ಪಿಗೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಸಜೆಗೂ ಅವಕಾಶವಿದೆ. ದಂಡ 2019ರ ಸೆಪ್ಟೆಂಬರ್‌ಗೆ ಮೊದಲು 2,000 ರೂಪಾಯಿಯವರೆಗೆ ಇತ್ತು, ಈಗ 10,000. ಅರ್ಜಿಯ ಪ್ರಶ್ನೆಗೆ ಇಲ್ಲಿ ಉತ್ತರ “ಹೌದು”. ಇಸ್ಪೀಟು ಕೇಸಿನಲ್ಲಿ ಕೋರ್ಟಿಗೆ ಹೋಗಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೂ ಅಷ್ಟೇ.

“ಪಿಸಿಸಿ ಕ್ಲೀನ್ ಬಂದಿದೆ, ಇನ್ನೇನು?”

ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ಕ್ಲಿಯರೆನ್ಸ್ ಪತ್ರ ನಿಮ್ಮ ವಿಳಾಸದ ಠಾಣೆಯ ಪರಿಶೀಲನೆಯ ಮೇಲೆ ನಿಂತಿದೆ. ಬೇರೆ ಊರಿನ ಸಣ್ಣ ಕೇಸು ಅದರಲ್ಲಿ ಕಾಣದೇ ಹೋಗಬಹುದು. ಆದರೆ ಪಿಸಿಸಿಯಲ್ಲಿ ಏನಿದೆ ಎಂದು ಅರ್ಜಿ ಕೇಳುವುದಿಲ್ಲ. ಏನು ನಡೆದಿದೆ ಎಂದು ಕೇಳುತ್ತದೆ.

ಯಾರಿಗೆ ಗೊತ್ತಾಗುತ್ತದೆ ಎನ್ನುವ ಧೈರ್ಯಕ್ಕೂ ಈಗ ಆಧಾರ ಕಡಿಮೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕೋರ್ಟು, ಹೆಸರು, ವರ್ಷ ಹಾಕಿದರೆ ಕೇಸಿನ ವಿವರ ಯಾರಿಗಾದರೂ ಸಿಗುತ್ತದೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಈ ಐದು ದೇಶಗಳು ವಲಸೆಗಾರರ ಬೆರಳಚ್ಚಿನ ಆಧಾರದಲ್ಲಿ ಮಾಹಿತಿ ಹಂಚಿಕೊಳ್ಳುತ್ತವೆ. ಒಂದು ದೇಶಕ್ಕೆ ಹೇಳಿದ್ದನ್ನು ಇನ್ನೊಂದಕ್ಕೆ ಮುಚ್ಚಿಟ್ಟರೆ ಎರಡು ಉತ್ತರಗಳೂ ಒಂದೇ ಮೇಜಿನ ಮೇಲೆ ಬರಬಹುದು.

“ಐದು ವರ್ಷ ಕಳೆದರೆ ಹೇಳಬೇಕಾಗಿಲ್ಲ”

ಈ ನಂಬಿಕೆ ಎಲ್ಲಿಂದ ಬಂದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ನಮ್ಮ ಪಾಸ್‌ಪೋರ್ಟ್ ಕಾಯ್ದೆಯಲ್ಲಿ, ಕಳೆದ ಐದು ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯಾಗಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು ಎಂಬ ಮಾತಿದೆ. ಅದು ನಮ್ಮ ಪಾಸ್‌ಪೋರ್ಟಿನ ನಿಯಮ. ಬೇರೆ ದೇಶ ತನ್ನ ಬಾಗಿಲಲ್ಲಿ ಕೇಳುವ ಪ್ರಶ್ನೆಗೆ ಅದು ಅನ್ವಯಿಸುವುದಿಲ್ಲ.

ಬ್ರಿಟನ್‌ನಲ್ಲಿ ನೆಲೆಸಿರುವ ನಮ್ಮವರಿಗೆ ಇನ್ನೊಂದು ಗೊಂದಲ. ಅಲ್ಲಿನ 1974ರ ಕಾಯ್ದೆಯೊಂದರ ಪ್ರಕಾರ ಸಣ್ಣ ಶಿಕ್ಷೆಗಳು ಇಷ್ಟು ವರ್ಷಗಳಾದ ಮೇಲೆ ತೀರಿಹೋದವೆಂದು ಲೆಕ್ಕ, ಸಾಮಾನ್ಯ ಕೆಲಸಕ್ಕೆ ಸೇರುವಾಗ ಹೇಳಬೇಕಾಗಿಲ್ಲ. ಆದರೆ 2012ರ ಅಕ್ಟೋಬರ್ 1ರಿಂದ ವಲಸೆ ಮತ್ತು ಪೌರತ್ವದ ತೀರ್ಮಾನಗಳಿಗೆ ಈ ರಿಯಾಯಿತಿ ಇಲ್ಲ. ಅಮೆರಿಕದ ವೀಸಾ ಅರ್ಜಿಯಂತೂ ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಎಂದು ಪ್ರಶ್ನೆಯಲ್ಲೇ ಬರೆದಿದೆ.

ಕಾಲ ಕಳೆದದ್ದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಕೆನಡಾದಲ್ಲಿ ಹತ್ತು ವರ್ಷಕ್ಕಿಂತ ಕಡಿಮೆ ಗರಿಷ್ಠ ಶಿಕ್ಷೆಯ ಒಂದೇ ಅಪರಾಧವಾಗಿದ್ದು, ಶಿಕ್ಷೆ ಪೂರೈಸಿ ಹತ್ತು ವರ್ಷ ಕಳೆದಿದ್ದು, ಮತ್ತೆ ತಪ್ಪು ಮಾಡದಿದ್ದರೆ ಮನುಷ್ಯ ಸುಧಾರಿಸಿದ್ದಾನೆ ಎಂದೇ ಕಾನೂನು ಭಾವಿಸುತ್ತದೆ. ಐದು ವರ್ಷವಾಗಿದ್ದರೆ ಸುಧಾರಿಸಿದ್ದೇನೆ ಎಂದು ಪ್ರತ್ಯೇಕ ಅರ್ಜಿ ಹಾಕಿ ಒಪ್ಪಿಸಬಹುದು. ಈ ಲೆಕ್ಕ ಶುರುವಾಗುವುದು ಸಿಕ್ಕಿಬಿದ್ದ ದಿನದಿಂದಲ್ಲ, ದಂಡ ಕಟ್ಟಿದ ದಿನದಿಂದ. ಕೋರ್ಟು ಗಾಡಿ ಓಡಿಸದಂತೆ ತಡೆ ಹಾಕಿದ್ದರೆ ಆ ತಡೆ ಮುಗಿದ ದಿನದಿಂದ. ಆದರೆ ಈ ಎಲ್ಲ ಅನುಕೂಲವೂ ವಿಷಯ ಹೇಳಿದವರಿಗೆ ಮಾತ್ರ.

“ನಮ್ಮಲ್ಲಿ ಸಣ್ಣದು ಎಂದರೆ ಅಲ್ಲೂ ಸಣ್ಣದು”

ಬುದ್ಧಿವಂತರು ಎಡವುವುದು ಇಲ್ಲೇ. ನಮ್ಮ ಕೋರ್ಟು ಎಷ್ಟು ದಂಡ ಹಾಕಿತು ಎನ್ನುವುದನ್ನು ಕೆನಡಾ ಮುಖ್ಯವಾಗಿ ನೋಡುವುದಿಲ್ಲ. ಇದೇ ಕೃತ್ಯ ಕೆನಡಾದಲ್ಲಿ ನಡೆದಿದ್ದರೆ ಅಲ್ಲಿನ ಕಾನೂನಿನಲ್ಲಿ ಯಾವ ಅಪರಾಧವಾಗುತ್ತಿತ್ತು, ಅದಕ್ಕೆ ಗರಿಷ್ಠ ಶಿಕ್ಷೆ ಎಷ್ಟು ಎಂದು ಹೋಲಿಸಿ ನೋಡುತ್ತದೆ.

ಕುಡಿದು ಗಾಡಿ ಓಡಿಸುವುದಕ್ಕೆ ಅಲ್ಲಿ ಗರಿಷ್ಠ ಶಿಕ್ಷೆ ಮೊದಲು ಐದು ವರ್ಷವಿತ್ತು. 2018ರ ಡಿಸೆಂಬರ್ 18ರಿಂದ ಅದು ಹತ್ತು ವರ್ಷ. ವಲಸೆ ಕಾನೂನು ಹತ್ತು ವರ್ಷದ ಗೆರೆ ಮುಟ್ಟಿದ ಅಪರಾಧವನ್ನು ಗಂಭೀರ ಎಂದು ಕರೆಯುತ್ತದೆ. ಬೆಂಗಳೂರಿನಲ್ಲಿ ದಂಡ ಕಟ್ಟಿ ಮರೆತ ಕೇಸು ಅಲ್ಲಿ ಗಂಭೀರ ಅಪರಾಧಗಳ ಸಾಲಿನಲ್ಲಿ ನಿಲ್ಲುವುದು ಹೀಗೆ. ಆ ಸಾಲಿಗೆ ಸೇರಿದರೆ ಹತ್ತು ವರ್ಷ ಕಳೆದರೂ ತಾನಾಗಿ ಮಾಫಿಯಾಗುವುದಿಲ್ಲ, ಅರ್ಜಿ ಹಾಕಿಯೇ ದಾರಿ ಮಾಡಿಕೊಳ್ಳಬೇಕು. ಆ ದಿನಾಂಕಕ್ಕೆ ಮೊದಲು ನಡೆದ ಘಟನೆಗೆ ಹಳೆಯ ಐದು ವರ್ಷದ ಲೆಕ್ಕವೇ. ಕೃತ್ಯ ನಡೆದ ಕಾಲದ ಗರಿಷ್ಠ ಶಿಕ್ಷೆಯನ್ನೇ ನೋಡಬೇಕು ಎಂದು ಕೆನಡಾದ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಹಾಗಾಗಿ ನಿಮ್ಮ ಕೇಸಿನ ತಾರೀಖು ಬಹಳ ದೊಡ್ಡ ವಿಷಯ.

ಇನ್ನೊಂದು ಸಂಖ್ಯೆಯನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ನಮ್ಮಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಕೆನಡಾದ ಕ್ರಿಮಿನಲ್ ಕಾನೂನಿನ ಮಿತಿ 80. ಊದಿದಾಗ ಯಂತ್ರ ಬರೆದುಕೊಟ್ಟ ಚೀಟಿಯಲ್ಲಿ 45 ಎಂದಿತ್ತು ಎಂದುಕೊಳ್ಳಿ. ಅಷ್ಟು ಕುಡಿದು ಓಡಿಸಿದ್ದು ಅಲ್ಲಿನ ಕ್ರಿಮಿನಲ್ ಮಿತಿಯನ್ನು ದಾಟುವುದಿಲ್ಲ, ಆದ್ದರಿಂದ ಸಮನಾದ ಅಪರಾಧವಲ್ಲ ಎಂದು ವಾದಿಸಲು ಅವಕಾಶವಿದೆ. ಮಿತಿ ದಾಟದಿದ್ದರೂ ಅಮಲಿನಿಂದ ಚಾಲನೆ ಕೆಟ್ಟಿತ್ತು ಎಂದು ಕಡತದಲ್ಲಿದ್ದರೆ ಮಾತು ಬೇರೆ. ಅಂತೂ ಮುದುರಿ ಬಿಸಾಡಿದ ಆ ಚೀಟಿಯ ಅಂಕಿ ನಿಮ್ಮ ಪರವಾಗಿ ಮಾತಾಡಬಹುದು. ಆ ಅಂಕಿ ಕೋರ್ಟಿನ ಕಡತದಲ್ಲಿರುತ್ತದೆ, ಹುಡುಕಿ ತೆಗೆಸಿಕೊಳ್ಳಿ.

ಹೊಡೆದಾಟದ ಕೇಸು ಇನ್ನೊಂದು ಬಗೆ. ಕೆನ್ನೆಗೆ ಹೊಡೆದದ್ದಕ್ಕೆ ಐಪಿಸಿ 323ರಲ್ಲಿ ಸಾವಿರ ರೂಪಾಯಿ ದಂಡ ಕಟ್ಟಿ ಮುಗಿಸಿದ್ದರೂ, ಕೆನಡಾದಲ್ಲಿ ಹಲ್ಲೆಗೆ ಐದು ವರ್ಷದವರೆಗೆ ಶಿಕ್ಷೆಯಿದೆ. ಅಲ್ಲಿನ ಪ್ರಾಸಿಕ್ಯೂಟರು ಲಘುವಾಗಿಯೂ ಗುರುವಾಗಿಯೂ ನಡೆಸಬಹುದಾದ ಇಂಥ ಅಪರಾಧಗಳನ್ನು ವಲಸೆ ಕಾನೂನು ಗುರುವಾದದ್ದೆಂದೇ ಪರಿಗಣಿಸುತ್ತದೆ. ಇಸ್ಪೀಟಿನ ಕೇಸು ಇದಕ್ಕೆ ತಿರುಗುಮುರುಗು. ಅದಕ್ಕೆ ಸಮನಾದ ಅಪರಾಧವೇ ಅಲ್ಲಿ ಸಿಗದಿರಬಹುದು, ಸಿಕ್ಕರೂ ಲಘು ವರ್ಗದ್ದೇ ಇದ್ದೀತು. ಹೊರದೇಶದಲ್ಲಿ ಮಾಡಿದ ಇಂಥ ಒಂದೇ ಒಂದು ಲಘು ಅಪರಾಧಕ್ಕೆ ಬಾಗಿಲು ಮುಚ್ಚುವುದಿಲ್ಲ. ಏನೂ ಆಗದ ಇಂಥ ಕೇಸನ್ನು ನಾಚಿಕೆಯಿಂದ ಮುಚ್ಚಿಟ್ಟು ಕೆಡಿಸಿಕೊಳ್ಳುವವರನ್ನು ನೆನೆದರೆ ನನಗೆ ಹೆಚ್ಚು ಸಂಕಟವಾಗುತ್ತದೆ.

“ಹೌದು ಎಂದರೆ ಅರ್ಜಿ ಅಲ್ಲಿಗೇ ಮುಗಿಯಿತು”

ಹೌದು ಎಂದಾಗ ಅಧಿಕಾರಿ ವಿವರ ಕೇಳುತ್ತಾರೆ, ಕಾಗದ ಕೇಳುತ್ತಾರೆ, ತಡವಾಗುತ್ತದೆ. ಕೆಲವರಿಗೆ ತಿರಸ್ಕಾರವೂ ಆಗಬಹುದು, ಅದನ್ನು ಅಲ್ಲಗಳೆಯಲಾರೆ. ಆದರೆ ಅದು ಆ ಅಪರಾಧದ ತೂಕದ ಮೇಲಿನ ತೀರ್ಮಾನ. ಸುಧಾರಣೆಯ ಅರ್ಜಿ, ತಾತ್ಕಾಲಿಕ ಪರವಾನಗಿ ಮುಂತಾದ ದಾರಿಗಳು ಉಳಿದಿರುತ್ತವೆ.

ಇಲ್ಲ ಎಂದು ಸಿಕ್ಕಿಬಿದ್ದರೆ ಕೇಸಿನ ಸ್ವರೂಪವೇ ಬದಲಾಗುತ್ತದೆ. ಕೆನಡಾದ ವಲಸೆ ಕಾನೂನಿನ 40ನೇ ಸೆಕ್ಷನ್ ಪ್ರಕಾರ ಮುಖ್ಯ ಸಂಗತಿ ಮುಚ್ಚಿಟ್ಟವರಿಗೆ ಐದು ವರ್ಷ ನಿಷೇಧ. 2014ರ ನವೆಂಬರ್‌ಗೆ ಮೊದಲು ಅದು ಎರಡೇ ವರ್ಷವಿತ್ತು. ಆ ಐದು ವರ್ಷ ಪಿಆರ್‌ಗೆ ಅರ್ಜಿ ಹಾಕುವಂತೆಯೇ ಇಲ್ಲ. ಮುಚ್ಚಿಟ್ಟ ಸಂಗತಿಯಿಂದ ವೀಸಾ ತಪ್ಪಲೇಬೇಕು ಎಂದಿಲ್ಲ, ಅಧಿಕಾರಿಯ ವಿಚಾರಣೆಯ ದಾರಿ ತಪ್ಪಿಸುವಂತಿದ್ದರೂ ಸಾಕು. ಪಿಆರ್ ಸಿಕ್ಕಿದ ಮೇಲೆ ಗೊತ್ತಾದರೆ ಪಿಆರ್ ಹೋಗಬಹುದು. ಪೌರತ್ವವೇ ಸಿಕ್ಕಿದ್ದರೂ ಸುಳ್ಳು ಹೇಳಿ ಪಡೆದದ್ದೆಂದು ರದ್ದಾಗಬಹುದು. ಮಕ್ಕಳು ಅಲ್ಲಿನ ಶಾಲೆಗೆ ಹೊಂದಿಕೊಂಡು, ಮನೆಯ ಸಾಲದ ಕಂತು ಓಡುತ್ತಿರುವ ಹೊತ್ತಿನಲ್ಲಿ ಆ ಪತ್ರ ಬಂದರೆ ಏನು ಮಾಡುವುದು? ಅಮೆರಿಕದಲ್ಲಿ ಬೇಕೆಂದೇ ಹೇಳಿದ ಸುಳ್ಳಿಗೆ ನಿಷೇಧ ಆಜೀವ, ವಿನಾಯಿತಿಗೆ ಬೇರೆಯೇ ಹೋರಾಟ ಮಾಡಬೇಕು. ಬ್ರಿಟನ್‌ನಲ್ಲಿ ಹತ್ತು ವರ್ಷದವರೆಗೆ, ಆಸ್ಟ್ರೇಲಿಯದಲ್ಲಿ ಮೂರು ವರ್ಷ.

“ನೋ ಹಾಕಿ ಎಂದದ್ದು ಏಜೆಂಟು”

ಸಹಿ ನಿಮ್ಮದು, ಹೊಣೆಯೂ ನಿಮ್ಮದು. ಏಜೆಂಟು ತುಂಬಿದ್ದು ನನಗೆ ಗೊತ್ತಿರಲಿಲ್ಲ ಎಂಬ ಮಾತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕಳಿಸುವ ಮುಂಚೆ ಇಡೀ ಅರ್ಜಿಯನ್ನು ನೀವೇ ಓದಿ. ಗಂಡ ಅಥವಾ ಹೆಂಡತಿಯ ಹಳೆಯ ಕೇಸಿದ್ದರೆ ಅದೂ ಮುಖ್ಯ, ಜೊತೆಗೆ ಹೊರಟವರಲ್ಲಿ ಒಬ್ಬರು ಅನರ್ಹರಾದರೆ ಮುಖ್ಯ ಅರ್ಜಿದಾರರೂ ಅನರ್ಹರಾಗಬಹುದು. ಮನೆಯವರಿಗೆ ಹೇಳದೆ ಇಟ್ಟುಕೊಂಡ ಕೇಸನ್ನು ಮೊದಲು ಮನೆಯಲ್ಲಿ ಹೇಳಬೇಕಾಗುತ್ತದೆ.

“ರಾಜಿಯಾಗಿದೆ, ಖುಲಾಸೆಯಾಗಿದೆ, ಹೇಳುವುದೇನಿದೆ?”

ರಾಜಿಯಾದರೆ ಕಾನೂನಿನಲ್ಲಿ ಖುಲಾಸೆಯಷ್ಟೇ ಬೆಲೆ, ನಿಜ. ಶಿಕ್ಷೆಯಾಗಿದೆಯೇ ಎಂದಷ್ಟೇ ಕೇಳಿದ್ದರೆ ಉತ್ತರ “ಇಲ್ಲ”. ಆದರೆ ಪ್ರಶ್ನೆ ಅರ್ಜಿಯಿಂದ ಅರ್ಜಿಗೆ ಬೇರೆ. ಅಮೆರಿಕದ ವೀಸಾ ಅರ್ಜಿ ಬಂಧನದ ಬಗ್ಗೆಯೂ ಕೇಳುತ್ತದೆ. ಕೆನಡಾದ ಪ್ರವಾಸಿ ವೀಸಾ ಅರ್ಜಿ ಬಂಧನ, ಆರೋಪ, ಶಿಕ್ಷೆ ಮೂರನ್ನೂ ಕೇಳುತ್ತದೆ. ಪ್ರಶ್ನೆಯ ಒಂದೊಂದು ಪದವನ್ನೂ ಓದಿ ಉತ್ತರಿಸಿ. ಪ್ರೊಬೇಷನ್ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಬಿಟ್ಟಿದ್ದರೆ ಅದು ಖುಲಾಸೆಯಲ್ಲ, ಅಪರಾಧಿ ಎಂಬ ತೀರ್ಮಾನ ಹಾಗೇ ಉಳಿದಿರುತ್ತದೆ.

ಇನ್ನು ಕಾಗದಗಳು. ಕೇಸು ನಡೆದ ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿ ಎಫ್‌ಐಆರ್, ಚಾರ್ಜ್‌ಶೀಟ್, ಆದೇಶದ ದೃಢೀಕೃತ ಪ್ರತಿ ತೆಗೆಸಿಕೊಳ್ಳಿ. ದಂಡದ ರಸೀದಿ ಕಳೆದಿದ್ದರೆ ಆದೇಶದಲ್ಲೇ ದಂಡ ಕಟ್ಟಿದ ಟಿಪ್ಪಣಿ ಇದೆಯೇ ನೋಡಿ. ಸಣ್ಣ ಕೇಸುಗಳ ಕಡತವನ್ನು ಕೆಲವು ವರ್ಷಗಳ ನಂತರ ನಾಶ ಮಾಡುತ್ತಾರೆ. ಹಾಗಾಗಿದ್ದರೆ ಕಡತ ಲಭ್ಯವಿಲ್ಲ ಎಂದು ಕೋರ್ಟಿನ ಕಚೇರಿಯಿಂದ ಹಿಂಬರಹ ಕೇಳಿ ಪಡೆಯಿರಿ, ಅದೇ ನಿಮ್ಮ ದಾಖಲೆ. ಚಾರ್ಜ್‌ಶೀಟು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ನೀವಾಗಲಿ ಮನೆಯವರಾಗಲಿ ಮಾಡಿದ ಅನುವಾದವನ್ನು ಕೆನಡಾ ಒಪ್ಪುವುದಿಲ್ಲ. ಜೊತೆಗೊಂದು ಪತ್ರ ಬರೆಯಿರಿ: ಯಾವತ್ತು, ಎಲ್ಲಿ, ಏನಾಯಿತು, ಎಷ್ಟು ದಂಡ, ಆಮೇಲೆ ಬದುಕು ಹೇಗೆ ಸಾಗಿದೆ. ಪೊಲೀಸರ ತಪ್ಪು ಎತ್ತಿ ಆಡುವುದು ಬೇಡ. ಕೇಸು 185 ಅಥವಾ ಹಲ್ಲೆಯದಾಗಿದ್ದರೆ ಅರ್ಜಿ ಕಳಿಸುವ ಮುಂಚೆಯೇ ಆ ದೇಶದಲ್ಲಿ ಪರವಾನಗಿ ಇರುವ ವಲಸೆ ವಕೀಲರೊಬ್ಬರಿಗೆ ಈ ಕಡತ ತೋರಿಸಿ. ಈಗಾಗಲೇ “ಇಲ್ಲ” ಎಂದು ಕಳಿಸಿಬಿಟ್ಟಿದ್ದೀರಾ? ಅವರಾಗಿ ಕೇಳುವ ತನಕ ಕಾಯಬೇಡಿ. ಅರ್ಜಿ ಸಂಖ್ಯೆ ಬರೆದು, ಸರಿಯಾದ ಉತ್ತರವನ್ನೂ ಕಾಗದಗಳನ್ನೂ ನೀವೇ ಮೊದಲು ಕಳಿಸಿ.