ಹಣ್ಣಿನ ಹೂರಣದ ಬ್ರೆಡ್ಡು

ಹೂರಣವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಹೋಳಿಗೆ. ಹಿಟ್ಟು ಹುದುಗುವುದೆಂದರೆ ಇಡ್ಲಿ, ದೋಸೆ. ಈ ಎರಡು ವಿದ್ಯೆಗಳನ್ನೂ ಬಲ್ಲ ಗೃಹಿಣಿಯರು ಹಣ್ಣಿನ ಹೂರಣವನ್ನಿಟ್ಟ ಸಿಹಿಬ್ರೆಡ್ಡನ್ನು ಮಾತ್ರ ಬೇಕರಿಯವರ ಗುಟ್ಟೆಂದು ಭಾವಿಸಿ ದೂರವಿಟ್ಟಿರುವುದು ಸೋಜಿಗವೇ ಸರಿ. ವಾಸ್ತವವಾಗಿ ಅದರಲ್ಲಿ ನಮಗೆ ಹೊಸದಾದುದು ಸ್ವಲ್ಪ, ತಿಳಿದುದೇ ಹೆಚ್ಚು. ಆ ಹೊಸದು ಯಾವುದು, ಅದನ್ನರಿಯದೆ ಹಲವರ ಮೊದಲ ಪ್ರಯತ್ನ ಏಕೆ ಕೆಡುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮಾತಿಗೆ ಒಂದು ಊರನ್ನು ಆಧಾರವಾಗಿಟ್ಟುಕೊಳ್ಳುವುದು ಅನುಕೂಲ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ತೆರಕಣಾಂಬಿಯಿದೆ. ಹಳೆಯ ದೇವಾಲಯಗಳುಳ್ಳ ಊರು. ಆ ಸೀಮೆಯಲ್ಲೆಲ್ಲ ಬಾಳೆಯ ಬೇಸಾಯ ಉಂಟು, ತೆಂಗೂ ಉಂಟು. ಬಾಳೆಯ ಗೊನೆಯ ಸ್ವಭಾವ ನಮಗೆಲ್ಲ ಗೊತ್ತಿರುವುದೇ. ವಾರಗಟ್ಟಲೆ ಕಾಯಾಗಿದ್ದು, ಮಾಗತೊಡಗಿತೆಂದರೆ ಕೆಲವೇ ದಿನಗಳಲ್ಲಿ ಇಡೀ ಗೊನೆ ಹಣ್ಣಾಗಿ ಕುಳಿತುಕೊಳ್ಳುತ್ತದೆ. ತಿಂದಷ್ಟು ತಿಂದು, ನೆರೆಹೊರೆಗೆ ಹಂಚಿ, ಮಿಕ್ಕದ್ದು ತಿಪ್ಪೆಯ ಪಾಲಾಗುವುದು ಬೆಳೆದವರ ಮನೆಯಲ್ಲಿಯೂ ಉಂಟು, ಊರಿನಿಂದ ಗೊನೆ ತರಿಸಿಕೊಳ್ಳುವ ಪಟ್ಟಣದ ಮನೆಯಲ್ಲಿಯೂ ಉಂಟು. ಹೀಗೆ ಹಾಳಾಗುವ ಹಣ್ಣಿಗೆ ಒಂದು ಸದ್ಗತಿಯನ್ನು ಕಾಣಿಸುವುದು ನಮ್ಮ ಉದ್ದೇಶಗಳಲ್ಲಿ ಒಂದು.

ಇಂತಹ ತಿಂಡಿ ಕನ್ನಡನಾಡಿಗೆ ಅಪರಿಚಿತವಲ್ಲ. ಹಾಸನದ ಸೀಮೆಯಿಂದ ಬಂದ ಅಯ್ಯಂಗಾರ್ಯರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿಯೊಂದನ್ನು ತೆರೆದರು. ಆ ಪರಂಪರೆಯ ಅಂಗಡಿಗಳು ಮುಂದೆ ನಾಡಿನಲ್ಲೆಲ್ಲ ಹರಡಿ, ಮೊಟ್ಟೆಯಿಲ್ಲದ ಬ್ರೆಡ್ಡು ಬನ್ನುಗಳನ್ನು ಮಡಿವಂತರ ಮನೆಗಳಿಗೂ ತಲಪಿಸಿದುವು. ಅವರ ದಿಲ್‌ಪಸಂದಿನಲ್ಲಿ ಹಿಟ್ಟಿನ ಎರಡು ಪದರಗಳ ನಡುವೆ ಸಿಹಿಗೊಬ್ಬರಿಯೂ, ಬಣ್ಣದ ಟೂಟಿಫ್ರೂಟಿಯೂ ಇರುತ್ತವೆ. ಟೂಟಿಫ್ರೂಟಿಯೆಂಬುದು ಸಕ್ಕರೆಪಾಕದಲ್ಲಿ ಬೇಯಿಸಿದ ಪರಂಗಿಕಾಯಿಯಲ್ಲದೆ ಬೇರೆಯಲ್ಲ. ಜರ್ಮನರ ಸ್ಟೋಲನ್, ಇಟಲಿಯವರ ಪಾನೆತ್ತೋನೆ ಇವೂ ಒಣಹಣ್ಣುಗಳನ್ನು ಸೇರಿಸಿದ ಹುದುಗಿನ ಬ್ರೆಡ್ಡುಗಳೇ. ಆಯಾ ನಾಡಿನವರು ತಮ್ಮಲ್ಲಿ ಸಿಕ್ಕುವ ಹಣ್ಣನ್ನು ಬಳಸಿಕೊಂಡರು. ನಾವು ಬಾಳೆಯನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ.

ಈಗ ಹುದುಗಿನ ವಿಚಾರ. ಯೀಸ್ಟ್ ಎಂಬುದು ಪುಡಿಯ ರೂಪದಲ್ಲಿ ಅಂಗಡಿಯಲ್ಲಿ ದೊರೆತರೂ ಔಷಧವಲ್ಲ, ಕ್ಷಾರವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಹುದುಗುವಿಕೆ ಜೀವಿಗಳ ಕಾರ್ಯವೆಂಬುದನ್ನು ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರನು 1860ರ ವೇಳೆಗೆ ಪ್ರಯೋಗಗಳಿಂದ ಸ್ಥಾಪಿಸಿದನು. ಯೀಸ್ಟ್ ಸಕ್ಕರೆಯನ್ನು ತಿಂದು ಇಂಗಾಲಾಮ್ಲವಾಯುವನ್ನು ಹೊರಬಿಡುತ್ತದೆ. ದೋಸೆಯ ಹಿಟ್ಟಿನಲ್ಲಿ ಈ ವಾಯುವನ್ನು ಉದ್ದಿನ ಲೋಳೆ ಹಿಡಿದಿಡುತ್ತದೆ. ಗೋಧಿಯ ಹಿಟ್ಟಿನಲ್ಲಿ ಗ್ಲೂಟನ್ ಎಂಬ ಅಂಟು. ನೀರು ಸೇರಿಸಿ ಚೆನ್ನಾಗಿ ನಾದಿದಾಗ ಆ ಅಂಟು ಬಲೆಯಂತೆ ಹರಡಿಕೊಳ್ಳುತ್ತದೆ. ರಾಗಿಯಲ್ಲಿ, ಅಕ್ಕಿಯಲ್ಲಿ ಅದು ಇಲ್ಲ. ಆದುದರಿಂದಲೇ ಅವುಗಳಿಂದ ಮಾತ್ರ ಇಂತಹ ಬ್ರೆಡ್ಡು ಆಗಲಾರದು. ನಮಗೆ ಹೊಸದೆಂದು ಹೇಳಿದುದು ಈ ಅಂಟಿನ ರಕ್ಷಣೆಯೊಂದೇ.

ಸಿಹಿಯೂ ಹಣ್ಣೂ ಸೇರಿದಾಗ ಈ ಏರ್ಪಾಡಿಗೆ ನಾಲ್ಕು ಅಡ್ಡಿಗಳು ಬರುತ್ತವೆ. ಮೊದಲನೆಯದು ಸಕ್ಕರೆ. ಸ್ವಲ್ಪವಿದ್ದರೆ ಯೀಸ್ಟಿಗೆ ಆಹಾರ. ಅತಿಯಾದರೆ ಅದೇ ಸಕ್ಕರೆ ಯೀಸ್ಟಿನ ಮೈಯ ನೀರನ್ನು ಹೊರಕ್ಕೆಳೆದು ಅದನ್ನು ಸೊರಗಿಸುತ್ತದೆ. ಉಪ್ಪಿನಕಾಯಿ ಕೆಡದಿರಲು ಉಪ್ಪು ಮಾಡುವ ಕೆಲಸವೇ ಇದು. ಆದುದರಿಂದ ಸಿಹಿಯ ಭಾರವನ್ನು ಹೂರಣದ ಮೇಲೆ ಹಾಕಿ, ಕಣಕವನ್ನು ಹಗುರವಾಗಿಡಬೇಕು. ಎರಡನೆಯದು ಬೆಣ್ಣೆ. ಮೊದಲೇ ಹಾಕಿದರೆ ಹಿಟ್ಟಿನ ಕಣಗಳಿಗೆ ಜಿಡ್ಡು ಹತ್ತಿ ಅಂಟು ಬೆಳೆಯುವುದಕ್ಕೆ ತಡೆಯಾಗುತ್ತದೆ. ನಾದುವುದು ಅರ್ಧವಾದ ಮೇಲೆ ಸೇರಿಸುವುದು ಲೇಸು. ಮೂರನೆಯದು ಹಸಿಯ ಅನಾನಸು ಮತ್ತು ಪರಂಗಿ. ಇವುಗಳಲ್ಲಿ ಸಸಾರಜನಕವನ್ನು ಕರಗಿಸುವ ದ್ರವ್ಯವೊಂದುಂಟು. ಅದು ಗೋಧಿಯ ಅಂಟನ್ನೇ ತಿಂದುಹಾಕುತ್ತದೆ. ಬೇಯಿಸಿದರೆ ಆ ಗುಣ ನಾಶವಾಗುವುದರಿಂದ ಟೂಟಿಫ್ರೂಟಿಯಿಂದ ಭಯವಿಲ್ಲ. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹಣ್ಣಿನ ನೀರು. ಒಲೆಯ ಶಾಖಕ್ಕೆ ಅದು ಕಣಕವನ್ನು ಒಳಗಿನಿಂದ ತೋಯಿಸಿ ಹಸಿಯಾಗಿಯೇ ಉಳಿಸುತ್ತದೆ. ಹೊರಗೆ ಕೆಂಪು, ಒಳಗೆ ಗೊಜ್ಜು! ಬ್ರೆಡ್ಡು ಬೇಯಲಿಲ್ಲವೆಂದು ಒಲೆಯನ್ನು ದೂರುವವರು ಅನೇಕ ವೇಳೆ ಹೂರಣವನ್ನು ದೂರಬೇಕು.

ಹೂರಣ ನೀರಾದರೆ ಹೋಳಿಗೆ ಹರಿಯುವುದೆಂದು ಬಲ್ಲವರಿಗೆ ಇದಕ್ಕೆ ಪರಿಹಾರವನ್ನು ಹೇಳಬೇಕಾದುದಿಲ್ಲ. ಬಾಳೆಹಣ್ಣು, ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿದರೆ ನಮ್ಮ ರಸಾಯನವಾಯಿತಷ್ಟೆ. ಅದನ್ನೇ ಒಲೆಯ ಮೇಲಿಟ್ಟು ತಳ ಬಿಡುವವರೆಗೆ ಮಗುಚಿದರೆ ನಮಗೆ ಬೇಕಾದ ಹೂರಣವಾಗುತ್ತದೆ. ನಾಲ್ಕು ಮಾಗಿದ ಏಲಕ್ಕಿಬಾಳೆ, ಒಂದು ಬಟ್ಟಲು ಕಾಯಿತುರಿ, 60 ಗ್ರಾಂ ಬೆಲ್ಲ, ಒಂದು ಹಿಡಿ ಒಣದ್ರಾಕ್ಷಿ ಸಾಕು. ಉಂಡೆ ಕಟ್ಟಲು ಬಂದಾಗ ಇಳಿಸಿ, ಪೂರ್ತಿಯಾಗಿ ಆರಿಸಬೇಕು. ಬಿಸಿಯ ಹೂರಣವನ್ನಿಟ್ಟರೆ ಕಣಕದ ಬೆಣ್ಣೆ ಕರಗುವುದಲ್ಲದೆ, ಬಿಸಿ ಹೆಚ್ಚಾಗಿದ್ದಲ್ಲಿ ಯೀಸ್ಟೂ ಸಾಯುವುದು.

ಕಣಕಕ್ಕೆ 300 ಗ್ರಾಂ ಮೈದಾ, 40 ಗ್ರಾಂ ಸಕ್ಕರೆ, 40 ಗ್ರಾಂ ಬೆಣ್ಣೆ, ಮುಕ್ಕಾಲು ಚಹದ ಚಮಚ ಉಪ್ಪು, ಒಂದೂವರೆ ಚಹದ ಚಮಚ ಒಣ ಯೀಸ್ಟ್, ಸುಮಾರು 160 ಮಿಲಿಲೀಟರು ಕಾಯಿಸಿ ಆರಿಸಿದ ಹಾಲು. ಹಾಲು ಉಗುರುಬೆಚ್ಚಗಿರಬೇಕು, ಸುಮಾರು 60 ಡಿಗ್ರಿ ಸೆಂಟಿಗ್ರೇಡಿನೊಳಗೇ ಯೀಸ್ಟ್ ಸತ್ತುಹೋಗುತ್ತದೆ. ಹಾಲಿಗೆ ಒಂದು ಚಮಚ ಸಕ್ಕರೆಯನ್ನೂ ಯೀಸ್ಟನ್ನೂ ಹಾಕಿ ಹತ್ತು ನಿಮಿಷ ಬಿಟ್ಟರೆ ನೊರೆ ಏಳುತ್ತದೆ. ಏಳದಿದ್ದರೆ ಯೀಸ್ಟ್ ಸತ್ತಿದೆಯೆಂದೇ ಅರ್ಥ. ಮುಂದುವರಿಸಿ ಹಿಟ್ಟನ್ನು ಹಾಳುಮಾಡಬಾರದು. ಹತ್ತು ಹನ್ನೆರಡು ನಿಮಿಷ ನಾದಿ, ಕಣಕವನ್ನು ಬೆರಳುಗಳ ನಡುವೆ ತೆಳ್ಳಗೆ ಎಳೆದಾಗ ಹರಿಯದೆ ಪೊರೆಯಂತೆ ನಿಂತರೆ ಅಂಟು ಬೆಳೆದಿದೆಯೆಂದು ತಿಳಿಯತಕ್ಕದ್ದು.

ಆಮೇಲೆ ಪಾತ್ರೆಯಲ್ಲಿ ಮುಚ್ಚಿಟ್ಟು ಎರಡರಷ್ಟು ಉಬ್ಬುವವರೆಗೆ ಕಾಯಬೇಕು. ಎಷ್ಟು ಹೊತ್ತೆಂದು ಗಡಿಯಾರ ಹೇಳಲಾರದು. ಬೇಸಗೆಯಲ್ಲಿ ಒಂದು ಗಂಟೆ ಸಾಕಾದೀತು. ತೆರಕಣಾಂಬಿಯ ಕಡೆ ಮಾರ್ಗಶಿರದ ಚಳಿಯಲ್ಲಿ ಎರಡು ಗಂಟೆಯೂ ಹಿಡಿದೀತು. ಚಳಿಗಾಲದಲ್ಲಿ ದೋಸೆಹಿಟ್ಟನ್ನು ಒಲೆಯ ಪಕ್ಕ ಇಡುವ ಮನೆಯವರಿಗೆ ಇದು ಹೊಸ ಪಾಠವಲ್ಲ. ಉಬ್ಬಿದ ಕಣಕವನ್ನು ಎರಡು ಪಾಲು ಮಾಡಿ, ಗೇಣಗಲದ ಹಾಳೆಗಳಾಗಿ ಲಟ್ಟಿಸಿ, ಒಂದರ ಮೇಲೆ ಅಂಚಿನಲ್ಲಿ ಬೆರಳಗಲ ಬಿಟ್ಟು ಹೂರಣವನ್ನು ಹರಡಿ, ಮತ್ತೊಂದನ್ನು ಹೊದಿಸಿ, ಕರಿಗಡುಬಿನ ಅಂಚನ್ನು ಒತ್ತುವಂತೆ ಒತ್ತಬೇಕು. ಅರ್ಧ ಗಂಟೆ ಮತ್ತೆ ಉಬ್ಬಲು ಬಿಟ್ಟು, ಉಗಿ ಹೋಗಲು ಮೇಲೆ ನಾಲ್ಕೈದು ಕಡೆ ಚುಚ್ಚಿ, ಹಾಲು ಸವರಿ, 180 ಡಿಗ್ರಿ ಶಾಖದ ಓವನ್ನಿನಲ್ಲಿ ಇಪ್ಪತ್ತೈದರಿಂದ ಮೂವತ್ತು ನಿಮಿಷ ಬೇಯಿಸುವುದು. ಓವನ್ನಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಮುಚ್ಚಿ ಕಾಯಿಸಿ, ಒಳಗೆ ಕಾಲುಮಣೆಯ ಮೇಲೆ ತಟ್ಟೆಯಿಟ್ಟು ಚಿಕ್ಕ ಚಿಕ್ಕದಾಗಿ ಬೇಯಿಸಬಹುದು; ಹೊತ್ತು ಹೆಚ್ಚು ಹಿಡಿಯುತ್ತದೆ, ಮೇಲ್ಮೈ ಅಷ್ಟು ಕೆಂಪಾಗದು. ತಳವನ್ನು ತಟ್ಟಿದಾಗ ಟೊಳ್ಳಾದ ಶಬ್ದ ಬಂದರೆ ಬೆಂದಿದೆ. ಪೂರ್ತಿ ಆರುವ ಮೊದಲು ಕೊಯ್ಯಬಾರದು. ಹಸಿಯ ಕಾಯಿ ಇರುವುದರಿಂದ ಎರಡು ದಿನದೊಳಗೆ ತಿಂದು ಮುಗಿಸುವುದು ಕ್ಷೇಮ.

ಪರದೇಶದ ತಿಂಡಿ ನಮಗೇಕೆಂದು ಕೆಲವರು ಕೇಳಬಹುದು. ಮೆಣಸಿನಕಾಯಿಯೂ ಆಲೂಗಡ್ಡೆಯೂ ಹಡಗೇರಿ ಬಂದವುಗಳೇ. ಇಂದು ಅವಿಲ್ಲದೆ ನಮ್ಮ ಅಡಿಗೆಯಿಲ್ಲ. ಹೊರಗಿನ ವಿದ್ಯೆಗೆ ಮನೆಯ ಸಾಮಗ್ರಿ ಸೇರಿದಾಗ ಅದು ನಮ್ಮದಾಗುತ್ತದೆ. ಗೊನೆ ಮಾಗಿದ ದಿನ, ಕೊನೆಯ ಚಿಪ್ಪನ್ನು ಹೊರಗೆಸೆಯುವ ಮೊದಲು ಶ್ರೋತೃಗಳು ಒಮ್ಮೆ ಇದನ್ನು ಮಾಡಿ ನೋಡಬೇಕೆಂದು ನಮ್ಮ ಬಿನ್ನಹ.